ಊರಿನ ಸರ್ಕಾರಿ ಪ್ರೌಢಶಾಲೆಯ ಫಲಿತಾಂಶವನ್ನು ಸರಿಯಾಗಿ ಲೆಕ್ಕ ಹಾಕುವುದು ಹೇಗೆ?

ಎಸ್ಎಸ್ಎಲ್‌ಸಿ ಫಲಿತಾಂಶ ಬಂದ ದಿನ ಊರಲ್ಲೆಲ್ಲ ಒಂದೇ ಪ್ರಶ್ನೆ: ಶೇಕಡಾ ಎಷ್ಟು? ಸಣ್ಣ ಶಾಲೆಯ ಮಟ್ಟಿಗೆ ಈ ಅಂಕಿಯನ್ನು ಅಷ್ಟಾಗಿ ನಂಬುವಂತಿಲ್ಲ. 25 ಮಕ್ಕಳಿದ್ದ ಕಡೆ ಒಬ್ಬ ಫೇಲಾದರೆ ಶೇ 4 ಇಳಿಯುತ್ತದೆ. ಆದ್ದರಿಂದ ಮೂರು ವರ್ಷಗಳ ಲೆಕ್ಕವನ್ನು ಒಟ್ಟಿಗೆ ನೋಡಿ. ಶೇಕಡಾಗಳ ಸರಾಸರಿ ತೆಗೆಯಬೇಡಿ; ಪಾಸಾದವರ ಒಟ್ಟು ಸಂಖ್ಯೆಯನ್ನು ಪರೀಕ್ಷೆ ಬರೆದವರ ಒಟ್ಟು ಸಂಖ್ಯೆಯಿಂದ ಭಾಗಿಸಿ. ಹಿಂದೆ ಫೇಲಾಗಿ ಮತ್ತೆ ಬರೆದವರನ್ನು (ಪುನರಾವರ್ತಿತರನ್ನು) ಹೊರಗಿಟ್ಟು, ಶಾಲೆಯ ಹೊಸ ಅಭ್ಯರ್ಥಿಗಳನ್ನಷ್ಟೇ ಹಿಡಿಯಿರಿ.

ಎಲ್ಲ ವರ್ಷಗಳೂ ಒಂದೇ ತಕ್ಕಡಿಗೆ ಬರುವುದಿಲ್ಲ. 2021ರಲ್ಲಿ ಕೋವಿಡ್ ಕಾರಣ ಬಹು ಆಯ್ಕೆ ಪ್ರಶ್ನೆಗಳ ಪರೀಕ್ಷೆ ನಡೆದು ಬಹುತೇಕ ಎಲ್ಲರೂ ಪಾಸಾದರು. ಆ ವರ್ಷವನ್ನು ಬಿಟ್ಟುಬಿಡಿ. 2024ರಲ್ಲಿ ಕೃಪಾಂಕವನ್ನು, ಅಂದರೆ ಫೇಲಾಗುವವರಿಗೆ ಸೇರಿಸಿ ಕೊಡುವ ಅಂಕವನ್ನು, ಶೇ 10ರಿಂದ 20ಕ್ಕೆ ಏರಿಸಿದ್ದರು; ಆ ವರ್ಷದ ಅಂಕಿಯನ್ನು ಎಚ್ಚರದಿಂದ ಹೋಲಿಸಿ. ಅದೇ ವರ್ಷ ಒಂದೇ ಸಾಲಿನಲ್ಲಿ ಮೂರು ಪರೀಕ್ಷೆ ನಡೆಸುವ ಪದ್ಧತಿ ಬಂದದ್ದರಿಂದ ಪರೀಕ್ಷೆ-1ನ್ನು ಪರೀಕ್ಷೆ-1ರ ಜೊತೆಗೇ ಹೋಲಿಸಿ.

ಇನ್ನು ಮುಖ್ಯ ಲೆಕ್ಕ. ಮೂರು ವರ್ಷದ ಹಿಂದೆ 8ನೇ ತರಗತಿಗೆ ಸೇರಿದ್ದವರು ಎಷ್ಟು ಮಂದಿ? ದಾಖಲಾತಿ ರಿಜಿಸ್ಟರ್ ನೋಡಿ, ಟಿಸಿ ಪಡೆದು ಬೇರೆ ಶಾಲೆಗೆ ಸೇರಿದವರನ್ನು ಕಳೆಯಿರಿ, ನಡುವೆ ಬಂದವರನ್ನು ಬೇರೆ ಸಾಲಿನಲ್ಲಿ ಬರೆಯಿರಿ. ಟಿಸಿ ಪಡೆದವರನ್ನು ಕಳೆದ ಮೇಲೆ ಸೇರಿದವರು 40 ಮಂದಿ, ಅವರಲ್ಲಿ 30 ಮಂದಿ ಪರೀಕ್ಷೆ ಬರೆದು, 27 ಮಂದಿ ಪಾಸಾದರು ಅಂದುಕೊಳ್ಳಿ. ಫಲಕದಲ್ಲಿ ಶೇ 90 ಅಂತ ಬರುತ್ತದೆ. ಸೇರಿದ 40ಕ್ಕೆ ಹಾಕಿದರೆ ಶೇ 67.5. ಆ ಹತ್ತು ಮಕ್ಕಳು ಎಲ್ಲಿ ಹೋದರು ಎಂದು ಹೆಸರು ಹಿಡಿದು ಹುಡುಕಲೇಬೇಕು: ಅಪ್ಪ-ಅಮ್ಮನ ಜೊತೆ ಗುಳೆ ಹೋದರೇ, ಮದುವೆ ಮಾಡಿಬಿಟ್ಟರೇ, ಬಸ್ಸಿಲ್ಲದೆ ಬಿಟ್ಟರೇ? ಹಾಜರಿ ಪುಸ್ತಕದಲ್ಲಿ ಯಾವ ತಿಂಗಳಿಂದ ಗೈರು ಶುರುವಾಯಿತು ಎಂಬುದು ಅರ್ಧ ಉತ್ತರ ಹೇಳುತ್ತದೆ.

ತರಗತಿವಾರು ಮಕ್ಕಳ ಸಂಖ್ಯೆ, ಶಿಕ್ಷಕರ ಸಂಖ್ಯೆ ಯುಡೈಸ್ ಪ್ಲಸ್ ಎಂಬ, ಶಾಲೆಗಳ ಮಾಹಿತಿ ಇರುವ ಕೇಂದ್ರ ಸರ್ಕಾರದ ಜಾಲತಾಣದಲ್ಲಿ ಸಿಗುತ್ತವೆ. ಶಾಲೆಯ 11 ಅಂಕಿಯ ಕೋಡ್ ಬೇಕು. ಕರ್ನಾಟಕದ್ದು 29ರಿಂದ ಶುರುವಾಗುತ್ತದೆ. ವಿಷಯವಾರು ಅಂಕಗಳನ್ನು ಮುಖ್ಯ ಶಿಕ್ಷಕರ ಹತ್ತಿರ ಕೇಳಿ. ಪ್ರಥಮ ಭಾಷೆಗೆ 125, ಉಳಿದ ಐದು ವಿಷಯಗಳಿಗೆ ತಲಾ 100, ಒಟ್ಟು 625. ಗಣಿತದಲ್ಲಷ್ಟೇ ಫೇಲಾದವರು ಹೆಚ್ಚಿದ್ದರೆ ಮಕ್ಕಳನ್ನು ದೂರುವ ಮೊದಲು ಆ ಹುದ್ದೆ ಎಷ್ಟು ತಿಂಗಳು ಖಾಲಿಯಿತ್ತು, ಅತಿಥಿ ಶಿಕ್ಷಕರು ಯಾವಾಗ ಬಂದರು ಎಂದು ನೋಡಿ. ಲಿಖಿತ ಪರೀಕ್ಷೆಯ ಅಂಕ, ಶಾಲೆಯಲ್ಲೇ ಕೊಡುವ ಆಂತರಿಕ ಅಂಕ ಎರಡನ್ನೂ ಬೇರೆ ಬೇರೆ ಬರೆಯಿರಿ. ಆಂತರಿಕದಲ್ಲಿ ಎಲ್ಲರಿಗೂ 20ಕ್ಕೆ 19 ಬಂದಿದ್ದರೆ ಅದರಿಂದ ಏನೂ ತಿಳಿಯುವುದಿಲ್ಲ.

ಹುಡುಗ-ಹುಡುಗಿ, ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಹಿಂದುಳಿದ ವರ್ಗ, ಹಾಸ್ಟೆಲ್‌ನವರು, ದೂರದ ತಾಂಡಾ-ಹಟ್ಟಿಗಳಿಂದ ಬರುವವರು ಹೀಗೆ ವಿಂಗಡಿಸಿದಾಗ ಒಂದೊಂದು ಗುಂಪಿನಲ್ಲಿ ಮೂರು-ನಾಲ್ಕು ಮಕ್ಕಳಷ್ಟೇ ಉಳಿಯಬಹುದು. ಐದಕ್ಕಿಂತ ಕಡಿಮೆ ಇದ್ದರೆ ಆ ಅಂಕಿಯನ್ನು ಸಭೆಯಲ್ಲಿ ಓದಬೇಡಿ, ವಾಟ್ಸ್ಆ್ಯಪ್‌ಗೂ ಹಾಕಬೇಡಿ. ಸಣ್ಣ ಊರಲ್ಲಿ ಅದು ಯಾರ ಮನೆಯ ಮಗು ಎಂದು ಎಲ್ಲರಿಗೂ ಗೊತ್ತಾಗಿಬಿಡುತ್ತದೆ.