ಬೋರ್ಡ್ ಮೇಲಿನ ಗಣಿತ ಕಿವಿಗೂ ಕೇಳಬೇಕು

ನಾನು ಪ್ರೌಢಶಾಲೆಯ ಗಣಿತ ಶಿಕ್ಷಕಿ. ನನ್ನ ಒಂಬತ್ತನೇ ಕ್ಲಾಸಿನ ಒಬ್ಬ ಹುಡುಗಿಗೆ ದೃಷ್ಟಿ ತುಂಬಾ ಮಂದ. ಅವಳಿಗಾಗಿ ಮೊದಲು ತಿದ್ದಿಕೊಂಡದ್ದು ನನ್ನ ಮಾತನ್ನು. "ಇದನ್ನ ಇಲ್ಲಿಗೆ ತಂದರೆ ಹೀಗಾಗುತ್ತೆ" ಅಂತ ಬೆರಳು ತೋರಿಸಿ ಹೇಳುವುದು ನಮ್ಮೆಲ್ಲರ ಅಭ್ಯಾಸ, ಅಲ್ವಾ? ಬೋರ್ಡ್ ಕಾಣದವರಿಗೆ "ಇದು" ಯಾವುದು?

ಈಗ ಬರೆಯುತ್ತಲೇ ಪೂರ್ತಿ ಓದುತ್ತೇನೆ. ಆವರಣವನ್ನಂತೂ ಬಿಡುವುದೇ ಇಲ್ಲ. ಸುಮ್ನೆ "ಎ ಪ್ಲಸ್ ಬಿ ಸ್ಕ್ವೇರ್" ಅಂದರೆ ವರ್ಗ ಬಿಗೆ ಮಾತ್ರವೋ, ಎರಡಕ್ಕೂ ಸೇರಿಯೋ? ಎ 3, ಬಿ 4 ಆದರೆ ಒಂದು ಉತ್ತರ 19, ಇನ್ನೊಂದು 49. ಹಾಗಾಗಿ "ಆವರಣ ಶುರು, ಎ ಪ್ಲಸ್ ಬಿ, ಆವರಣ ಮುಗಿಯಿತು, ಹೋಲ್ ಸ್ಕ್ವೇರ್" ಅನ್ನುತ್ತೇನೆ. ಇದರಿಂದ ಕಣ್ಣು ಚೆನ್ನಾಗಿರುವ ಮಕ್ಕಳೂ ಆವರಣ ಮರೆಯುವುದು ಕಡಿಮೆಯಾಗಿದೆ.

ವೃತ್ತದ ಪಾಠಕ್ಕೆ ರಟ್ಟಿನ ಮೇಲೆ ಫೆವಿಕಾಲ್ ಹಚ್ಚಿ ದಾರ ಅಂಟಿಸಿದೆ. ಜ್ಯಾಗೆ, ಅಂದರೆ ವೃತ್ತದ ಮೇಲಿನ ಎರಡು ಬಿಂದು ಸೇರಿಸುವ ಗೆರೆಗೆ, ದಪ್ಪ ಹುರಿ; ಕೇಂದ್ರದಿಂದ ಎಳೆದ ಲಂಬಕ್ಕೆ ಹೊಲಿಗೆ ದಾರ. ಲಂಬ ಜ್ಯಾವನ್ನು ಸಮಭಾಗ ಮಾಡುತ್ತದೆ ಅನ್ನುವುದನ್ನು ಅವಳು ಬೆರಳಲ್ಲೇ ಅಳೆದಳು. ಉಳಿದವರಿಗೆ ಪ್ರೊಜೆಕ್ಟರ್‌ನಲ್ಲಿ ಜಿಯೋಜಿಬ್ರಾ ಅನ್ನುವ ಗಣಿತ ಚಿತ್ರದ ಸಾಫ್ಟ್‌ವೇರ್. ಜ್ಯಾವನ್ನು ಎಳೆದಾಗಲೆಲ್ಲ ಪಕ್ಕದ ಹುಡುಗಿ ಎರಡೂ ಭಾಗದ ಅಳತೆ ಜೋರಾಗಿ ಓದುತ್ತಾಳೆ. ಕರೆಂಟ್ ಹೋದ ದಿನ ಎಲ್ಲರಿಗೂ ರಟ್ಟೇ ಗತಿ!

ಜಾಸ್ತಿ ಕಾಡಿದ್ದು ಫೋನು. ಪರದೆ ಮೇಲಿನದನ್ನು ಜೋರಾಗಿ ಓದಿ ಹೇಳುವ ಆಂಡ್ರಾಯ್ಡ್‌ನ ಟಾಕ್‌ಬ್ಯಾಕ್ ಕನ್ನಡ ಓದುತ್ತದೆ, ಆದರೆ ಯುನಿಕೋಡ್‌ನಲ್ಲಿ, ಅಂದರೆ ಎಲ್ಲ ಫೋನು-ಕಂಪ್ಯೂಟರಿಗೂ ಅರ್ಥವಾಗುವ ಅಕ್ಷರ ಸಂಕೇತದಲ್ಲಿ, ಇದ್ದರೆ ಮಾತ್ರ. ನಮಗೆ ಬರುವ ನೋಟ್ಸ್ ಬಹಳಷ್ಟು ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಆದವು. ಪಿಡಿಎಫ್ ನೋಡಲು ಅಚ್ಚುಕಟ್ಟಾದ ಕನ್ನಡ, ಒಳಗೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಟಾಕ್‌ಬ್ಯಾಕ್ ಅದನ್ನೇ ಓದಿ ತಲೆ ಕೆಡಿಸುತ್ತದೆ. ಮೂಲ ವರ್ಡ್ ಫೈಲ್ ಕೇಳಿ ತರಿಸಿಕೊಂಡು ಯುನಿಕೋಡ್‌ಗೆ ಪರಿವರ್ತಿಸುತ್ತೇನೆ. ಘಾತಗಳನ್ನು ಪದದಲ್ಲೇ ಬರೆಯುತ್ತೇನೆ.

ನೋಟ್ಸ್ ಫೋಟೊ ಆಗಿ ಬಂದರೆ ಗೂಗಲ್ ಡ್ರೈವ್‌ಗೆ ಹಾಕಿ ಡಾಕ್ಸ್‌ನಲ್ಲಿ ತೆರೆಯುತ್ತೇನೆ, ಅದು ಚಿತ್ರದಲ್ಲಿನ ಅಕ್ಷರ ಗುರುತಿಸಿ ಪಠ್ಯ ಮಾಡಿಕೊಡುತ್ತದೆ. ಅಚ್ಚಿನ ಅಕ್ಷರ ಪರವಾಗಿಲ್ಲ, ಆದರೆ ಒತ್ತಕ್ಷರ ತಿದ್ದುತ್ತಾ ಕೂರಬೇಕು. ಕೈಬರಹವಂತೂ ಕೇಳಲೇಬೇಡಿ. ಅದಕ್ಕೇ ಸ್ಟಾಫ್ ಗ್ರೂಪಿನಲ್ಲಿ "ನೋಟ್ಸ್ ಫೋಟೊ ಬೇಡ, ಟೈಪ್ ಮಾಡಿ ಕಳಿಸಿ" ಎಂದು ಕೇಳಿಕೊಂಡೆ. ಸಮಾಜ ವಿಜ್ಞಾನದ ಸರ್ ಈಗ ಫೋನಿಗೆ ಬಾಯಲ್ಲೇ ಹೇಳಿ ಟೈಪ್ ಮಾಡಿಸುತ್ತಾರೆ. ಇನ್ನೊಬ್ಬರು ಮಾತ್ರ ಬೋರ್ಡಿನ ಫೋಟೊ ತೆಗೆದು ಕಳಿಸುತ್ತಲೇ ಇದ್ದಾರೆ, ಅದೂ ಅಡ್ಡಡ್ಡ.