ಮಳೆ ರಜೆ ಸಿಕ್ಕರೆ ಅಳುವ ಮಗು

ಮಗಳಿಗೆ ಆತಂಕದ ಕಾಯಿಲೆ ಇದೆ ಎಂದು ಶಿವಮೊಗ್ಗದ ಮನೋವೈದ್ಯರು ಹೇಳಿದಾಗ ಅವಳು ನಾಲ್ಕನೇ ತರಗತಿ. ಶಾಲೆಯಿರುವ ದಿನ ಬೆಳಿಗ್ಗೆ ಹೊಟ್ಟೆನೋವು, ವಾಂತಿ, ರಾತ್ರಿ ನಿದ್ದೆಯಿಲ್ಲ. ಆಪ್ತಸಮಾಲೋಚಕಿಯೊಬ್ಬರು ಭಯವನ್ನು ಸಣ್ಣ ಸಣ್ಣ ಹಂತಗಳಾಗಿ ಒಡೆದು ಒಂದೊಂದನ್ನೇ ಎದುರಿಸುವುದನ್ನು ಕಲಿಸಿದರು. ಸ್ವಲ್ಪ ಗುಣ ಕಂಡಿತು, ಆಮೇಲೆ ಅಲ್ಲಿಗೇ ನಿಂತಿತು. ಆಟಿಸಂ (ಬೆರೆಯುವ, ಮಾತಾಡುವ, ಸದ್ದು-ಸ್ಪರ್ಶ ಗ್ರಹಿಸುವ ರೀತಿಯೇ ಎಳವೆಯಿಂದ ಬೇರೆಯಾಗಿರುವುದು), ಎಡಿಎಚ್‌ಡಿ (ಗಮನ ನಿಲ್ಲದಿರುವುದು, ಅತಿ ಚಟುವಟಿಕೆ), ಕಲಿಕಾ ತೊಂದರೆ ಏನಾದರೂ ಇದೆಯೇ ಎಂದು ಒಮ್ಮೆ ಪೂರ್ಣ ಮೌಲ್ಯಮಾಪನ ಮಾಡಿಸುವ ವಿಚಾರವನ್ನು ಎತ್ತಿದವರು ಅವರೇ. ಮಾಡಿಸುವುದೋ ಬೇಡವೋ ಎಂದು ತೀರ್ಮಾನಿಸಲು ನಮಗೆ ಒಂದು ಮಳೆಗಾಲವೇ ಹಿಡಿಯಿತು.

ತೀರ್ಥಹಳ್ಳಿ ಕಡೆಯ ಕೂಡು ಕುಟುಂಬ ನಮ್ಮದು, ಅಭಿಪ್ರಾಯಗಳಿಗೆ ಬರವಿಲ್ಲ. "ಮಗು ಎಲ್ಲೋ ಹೆದರಿದೆ, ಒಂದು ತಾಯಿತ ಕಟ್ಟಿಸು" ಎಂದರು ಅತ್ತೆ. ಕಟ್ಟಿಸಿದೆ. ದಾರ ಚುಚ್ಚುತ್ತದೆ ಎಂದು ಮಾರನೆಯ ದಿನವೇ ಅವಳು ಅದನ್ನು ಕತ್ತರಿಸಿ ಹಾಕಿದಳು. ಸಮವಸ್ತ್ರದ ಕಾಲರಿನ ಪಟ್ಟಿಯನ್ನೂ ಹೀಗೆಯೇ ಕತ್ತರಿಸಿದ್ದು ಆಗ ನೆನಪಾಯಿತು. "ಹೆಣ್ಣುಮಗುವಿಗೆ ಹಣೆಪಟ್ಟಿ ಅಂಟಿಸಿದರೆ ನಾಳೆ ಮದುವೆಗೆ ತೊಡಕಾಗುತ್ತದಮ್ಮ" ಎಂದವರು ಭಾವ. ಒಂಬತ್ತು ವರ್ಷದವಳ ಮದುವೆ! ಸಿಟ್ಟು ಬಂದರೂ ಉತ್ತರ ಕೊಡಲೇಬೇಕಿತ್ತು, ಏಕೆಂದರೆ ನನ್ನ ಗಂಡನ ಮನಸ್ಸಿನಲ್ಲೂ ಅದೇ ಅಳುಕಿತ್ತು. ಮೌಲ್ಯಮಾಪನವೇ ಬೇರೆ, ಅಂಗವಿಕಲತೆಯ ಪ್ರಮಾಣಪತ್ರವೇ ಬೇರೆ. ವರದಿ ನಮ್ಮ ಕೈಯಲ್ಲಿರುತ್ತದೆ. ಪ್ರಮಾಣಪತ್ರ ನಾವಾಗಿ ಅರ್ಜಿ ಹಾಕಿದರೆ ಮಾತ್ರ. ಇದು ಸ್ಪಷ್ಟವಾದ ಮೇಲೆ ಮನೆಯಲ್ಲಿ ಅರ್ಧ ಜಗಳ ತಣ್ಣಗಾಯಿತು.

ಉಳಿದರ್ಧವನ್ನು ಬಗೆಹರಿಸಿದ್ದು ಒಂದು ನೋಟ್‌ಬುಕ್. ಅವಳು ಎಷ್ಟು ಹೆದರಿದಳು ಎಂಬುದನ್ನಲ್ಲ, ಹೆದರುವ ಮುಂಚೆ ಏನಾಗಿತ್ತು ಎಂಬುದನ್ನು ಬರೆಯತೊಡಗಿದೆ. ಜುಲೈನಲ್ಲಿ ನಮ್ಮ ಕಡೆ ಬೆಳಗಾಗುವಷ್ಟರಲ್ಲಿ ಮಳೆ ರಜೆ ಘೋಷಣೆಯಾಗುವುದು ಮಾಮೂಲು. ಅಕ್ಕಪಕ್ಕದ ಮಕ್ಕಳು ಕುಣಿಯುತ್ತಾರೆ. ಶಾಲೆಗೆ ಹೋಗಲು ವಾಂತಿ ಮಾಡುವ ನನ್ನ ಮಗಳು ಮಾತ್ರ ರಜೆ ಎಂದ ಕೂಡಲೇ ಗೋಳೋ ಎಂದು ಅಳುತ್ತಿದ್ದಳು. ಶಾಲೆಯೇ ಭಯವಾಗಿದ್ದರೆ ರಜೆ ಹಬ್ಬವಾಗಬೇಕಿತ್ತಲ್ಲ? ಅವಳಿಗೆ ತಡೆಯಲಾಗದ್ದು ಹೇಳದೆ ಕೇಳದೆ ಬದಲಾಗುವ ದಿನ. ಅಡಿಕೆ ಕೊಯ್ಲಿನ ಕಾಲದಲ್ಲೂ ಹಾಗೆಯೇ: ಮನೆ ತುಂಬ ಜನ, ಸುಲಿಯುವ ಯಂತ್ರದ ಸದ್ದು, ಅವಳು ಕಿವಿ ಮುಚ್ಚಿಕೊಂಡು ಅಟ್ಟ ಸೇರುತ್ತಿದ್ದಳು. ಅಜ್ಜಿಯ ಸಲಿಗೆ, ರಂಗೋಲಿ ಚುಕ್ಕಿ ಎಣಿಸುವ ಆಟ, ಇವೆಲ್ಲ ಇದ್ದ ದಿನ ಭಯದ ಸುಳಿವೇ ಇರುತ್ತಿರಲಿಲ್ಲ.

ಇದೆಲ್ಲ ಯಾವಾಗಿನಿಂದ ಎಂಬುದೂ ಮುಖ್ಯ. ಆಟಿಸಂನ ಬೇರು ಎಳವೆಯಲ್ಲೇ ಇರುತ್ತದೆ. ಎಡಿಎಚ್‌ಡಿ ಎನ್ನಲು ಲಕ್ಷಣಗಳು ಹನ್ನೆರಡು ವರ್ಷಕ್ಕೆ ಮುಂಚೆಯೇ, ಒಂದಕ್ಕಿಂತ ಹೆಚ್ಚು ಕಡೆ ಕಂಡಿರಬೇಕು. ಆದ್ದರಿಂದ ನನ್ನ ನೆನಪನ್ನಷ್ಟೇ ನಂಬದೆ ಅತ್ತೆಯವರನ್ನು ಕೂರಿಸಿ ಕೇಳಿದೆ. ಎರಡು ವರ್ಷದ ಮಗು ಕುಕ್ಕರ್ ಕೂಗಿದರೆ ಕೊಟ್ಟಿಗೆಗೆ ಓಡುತ್ತಿದ್ದುದು, ಬೇರೆ ಬಟ್ಟಲಿನಲ್ಲಿ ಹಾಲು ಕೊಟ್ಟರೆ ಮುಟ್ಟದಿದ್ದುದು, ಎಲ್ಲ ಅವರ ಬಾಯಿಂದಲೇ ಬಂತು. ಭಯ ಅಂಟಿಕೊಳ್ಳುವುದಕ್ಕೆ ಎಷ್ಟೋ ಮೊದಲಿನ ಮಾತುಗಳಿವು. ತರಗತಿಯ ಟೀಚರ್ ಮಾತ್ರ "ಶಾಲೆಯಲ್ಲಿ ತೊಂದರೆಯೇ ಇಲ್ಲ, ತುಂಬ ಸಭ್ಯ ಹುಡುಗಿ" ಎಂದರು. ಗೆಳತಿಯರನ್ನು ನೋಡಿ ಹಾಗೇ ನಡೆದುಕೊಂಡು, ದಿನವಿಡೀ ಬಿಗಿಹಿಡಿದು, ಮನೆಗೆ ಬಂದು ಸಿಡಿಯುವ ಹೆಣ್ಣುಮಕ್ಕಳು ಹೀಗೆಯೇ ಕಣ್ತಪ್ಪುತ್ತಾರೆ ಎಂದು ಆಪ್ತಸಮಾಲೋಚಕಿ ವಿವರಿಸಿದರು. ಆಟಿಸಂ ಇರುವ ಮಕ್ಕಳಲ್ಲಿ ಸುಮಾರು ಶೇ 40ರಷ್ಟು ಮಂದಿಗೆ ಆತಂಕದ ಕಾಯಿಲೆಯೂ ಇರುತ್ತದಂತೆ. ಹಾಗಿದ್ದ ಮೇಲೆ ಅದೋ ಇದೋ ಎಂಬ ನಮ್ಮ ವಾದಕ್ಕೇ ಅರ್ಥವಿರಲಿಲ್ಲ. ಬರುವ ಉತ್ತರದಿಂದ ಚಿಕಿತ್ಸೆಯ ದಾರಿ ಬದಲಾಗುತ್ತದೆಯೇ ಎಂದು ಅವರನ್ನೇ ಕೇಳಿದೆ. ಬದಲಾಗುತ್ತದೆ ಎಂದರು. ಅಲ್ಲಿಗೆ ತೀರ್ಮಾನವಾಯಿತು.

ಸರ್ಕಾರದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಿಂದ ಇದೆ. ಹದಿನೆಂಟರವರೆಗಿನ ಮಕ್ಕಳ ತಪಾಸಣೆಗೆ ಅದರಡಿ ಜಿಲ್ಲಾ ಮಟ್ಟದ ಕೇಂದ್ರಗಳಿವೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮನೋವೈದ್ಯ ವಿಭಾಗವಿದೆ. ನಾವು ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯನ್ನು ಆರಿಸಿಕೊಂಡೆವು. ತಾಳಗುಪ್ಪದಿಂದ ಶಿವಮೊಗ್ಗದ ಮೇಲೆ ಹೋಗುವ ರೈಲು ನೇರ ಮೈಸೂರು ಮುಟ್ಟಿಸುತ್ತದೆ ಎಂಬುದು ಒಂದು ಕಾರಣ. ಮಗಳಿಗೆ ಬಸ್ಸಿನ ಹಾರ್ನ್ ಆಗದು. ಹೊರಡುವ ಮುಂಚೆ ಅಲ್ಲಿ ಏನೇನು ನಡೆಯುತ್ತದೆ ಎಂದು ಚಿತ್ರ ಬರೆದು ತೋರಿಸಿದ್ದೆ.

ಆಟಿಸಂ ಕಂಡುಹಿಡಿಯುವ ರಕ್ತಪರೀಕ್ಷೆ, ಸ್ಕ್ಯಾನ್ ಯಾವುದೂ ಇಲ್ಲ. ಕಿವಿ ಸರಿಯಿದೆಯೇ ಎಂದು ನೋಡಿದರು, ಅವಳೊಡನೆ ಆಡಿದರು, ಮಾತಾಡಿಸಿದರು, ಬುದ್ಧಿಶಕ್ತಿ ಅಳೆದರು, ನಮ್ಮನ್ನು ಬಾಲ್ಯದ ಬಗ್ಗೆ ಕೆದಕಿ ಕೆದಕಿ ಕೇಳಿದರು. ನೋಟ್‌ಬುಕ್ ಅಲ್ಲಿ ಬಹಳ ಕೆಲಸಕ್ಕೆ ಬಂತು. ಆಟಿಸಂ ಇದೆ, ಬುದ್ಧಿ ಚುರುಕಾಗಿದೆ, ಆತಂಕವೂ ನಿಜವೇ ಎಂದು ವರದಿ ಬಂತು.

ಆತಂಕದ ಚಿಕಿತ್ಸೆ ನಿಲ್ಲಲಿಲ್ಲ, ರೂಪ ಬದಲಾಯಿತು. "ಮನಸ್ಸಿಗೆ ಏನನ್ನಿಸುತ್ತದೆ ಹೇಳು" ಎಂಬ ಪ್ರಶ್ನೆ ಹೋಗಿ ಚಿತ್ರ, ಪಟ್ಟಿ, ಅಂಕಿಗಳು ಬಂದವು. ಸದ್ದಿಗೆ ಒಗ್ಗಿಸುವ ಒತ್ತಾಯ ಬಿಟ್ಟು, ಪ್ರಾರ್ಥನೆಯ ಮೈಕಿನಿಂದ ದೂರದ ಸಾಲಿನಲ್ಲಿ ಅವಳನ್ನು ನಿಲ್ಲಿಸಲು ಶಾಲೆಯವರು ಒಪ್ಪಿದರು. ವಾಂತಿ ಕಡಿಮೆಯಾಗಿದೆ, ನಿದ್ದೆ ಇನ್ನೂ ಅಷ್ಟಕ್ಕಷ್ಟೆ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಆಟಿಸಂ ಇದೆ, ನಿರ್ದಿಷ್ಟ ಕಲಿಕಾ ತೊಂದರೆಯೂ ಇದೆ. ಎಡಿಎಚ್‌ಡಿಗೆ ಮಾತ್ರ ಪ್ರತ್ಯೇಕ ಹೆಸರಿಲ್ಲ. ನಾವು ಪ್ರಮಾಣಪತ್ರಕ್ಕೆ ಇನ್ನೂ ಅರ್ಜಿ ಹಾಕಿಲ್ಲ. ಎಸ್ಸೆಸ್ಸೆಲ್ಸಿಯಲ್ಲಿ ಹೆಚ್ಚುವರಿ ಸಮಯ ಬೇಕೆನಿಸಿದರೆ ಆಗ ನೋಡಿದರಾಯಿತು. ಅಷ್ಟರಲ್ಲಿ ಬೇಕೋ ಬೇಡವೋ ಎಂದು ಅವಳನ್ನೇ ಕೇಳಬಹುದು.