ಸಣ್ಣ ಮಕ್ಕಳ ಜೊತೆ ಲಯನ್ ಕಿಂಗ್ ನಾಟಕ: ನಾವು ಹೇಗೆ ನಿಭಾಯಿಸಿದೆವು

ಲಂಡನ್ನಿಗೆ ಬರುವ ನೆಂಟರು, ಇಲ್ಲೇ ಇರುವ ಸ್ನೇಹಿತರು ಎಲ್ಲರೂ ಕೇಳುವುದು ಒಂದೇ. ಸಣ್ಣ ಮಕ್ಕಳನ್ನು ಕರೆದುಕೊಂಡು ಲಯನ್ ಕಿಂಗ್ ಮ್ಯೂಸಿಕಲ್‌ಗೆ (ಹಾಡು ಕುಣಿತದ ನಾಟಕ) ಹೋಗಬಹುದಾ, ಅಷ್ಟು ದುಡ್ಡು ಕೊಟ್ಟು ಮಗು ಮಧ್ಯದಲ್ಲಿ ಅತ್ತರೆ ಏನು ಗತಿ ಅಂತ. ಹೋಗಬಹುದು. ನಾವು ಏಳು ವರ್ಷದ ಮಗ, ನಾಲ್ಕು ವರ್ಷದ ಮಗಳು, ಪುತ್ತೂರಿಂದ ಬಂದಿದ್ದ ನನ್ನ ಅಮ್ಮ ಎಲ್ಲರೂ ಸೇರಿ ಹೋಗಿದ್ದೆವು. ಯಾರೂ ಅಳಲಿಲ್ಲ. ಅದಕ್ಕೆ ಅದೃಷ್ಟ ಸ್ವಲ್ಪ, ಹಿಂದಿನ ವಾರ ಮನೆಯಲ್ಲಿ ಮಾಡಿದ ತಯಾರಿ ಜಾಸ್ತಿ.

ಮೊದಲು ವಯಸ್ಸಿನ ವಿಷಯ. ನಾಟಕ ನಡೆಯುವ ಲೈಸಿಯಂ ಥಿಯೇಟರಿನಲ್ಲಿ 3 ವರ್ಷ ತುಂಬದ ಮಕ್ಕಳನ್ನು ಒಳಗೆ ಬಿಡುವುದಿಲ್ಲ, ಮತ್ತು 6 ವರ್ಷದ ಮೇಲಿನವರಿಗಾದರೆ ಒಳ್ಳೆಯದು ಅಂತ ಅವರೇ ಹೇಳುತ್ತಾರೆ. ತೊಡೆ ಮೇಲೆ ಕೂರಿಸಿಕೊಳ್ಳುತ್ತೇವೆ ಅಂದರೂ ನಡೆಯುವುದಿಲ್ಲ, ಪ್ರತಿ ಮಗುವಿಗೂ ಟಿಕೆಟ್ ಬೇಕು. ನನ್ನ ಪ್ರಕಾರ ವಯಸ್ಸಿಗಿಂತ ಮುಖ್ಯವಾದದ್ದು ಮಗು ಕತ್ತಲಲ್ಲಿ, ದೊಡ್ಡ ಶಬ್ದದಲ್ಲಿ, ಒಂದು ಗಂಟೆ ಮೇಲೆ ಕೂರುತ್ತದಾ ಅನ್ನುವುದು. ಈ ನಾಟಕಕ್ಕೆ ಮೂಲವಾದ 1994ರ ಸಿನಿಮಾ ಒಂದೂವರೆ ಗಂಟೆಯೊಳಗೆ ಮುಗಿಯುತ್ತದೆ. ನಾಟಕ ಇಂಟರ್ವಲ್ ಸೇರಿ ಎರಡೂವರೆ ಗಂಟೆ. ಮನೆಯಲ್ಲಿ ಸಿನಿಮಾವನ್ನು ನಾಲ್ಕು ಸಲ ನಿಲ್ಲಿಸಿ, ಬಿಸ್ಕೆಟ್ ತಿಂದು, ಸೋಫಾ ಹತ್ತಿ ಇಳಿದು ನೋಡುವ ಮಗುವಿಗೆ ಇದು ಬೇರೆಯೇ ಕೆಲಸ.

ಮಕ್ಕಳಿಗೆ ಕೂರುವುದು, ಸುಮ್ಮನಿರುವುದು ನಿಜವಾಗಿಯೂ ಕಷ್ಟ ಅಂತಾದರೆ ರಿಲ್ಯಾಕ್ಸ್ಡ್ ಪರ್ಫಾರ್ಮೆನ್ಸ್ ಇರುವ ದಿನ ಹುಡುಕಿ. ಆಟಿಸಂ ಇರುವ ಮಕ್ಕಳು, ಅವರ ಮನೆಯವರು ಆರಾಮವಾಗಿ ನೋಡಲಿ ಅಂತ ಮಾಡುವ ಶೋ ಅದು. ಸದ್ದು, ಬೆಳಕು ಸ್ವಲ್ಪ ಹದದಲ್ಲಿರುತ್ತದೆ, ಎದ್ದು ಓಡಾಡಿದರೂ ಯಾರೂ ಹುಬ್ಬು ಗಂಟಿಕ್ಕುವುದಿಲ್ಲ.

ಸೀಟು ಆರಿಸುವಾಗ ನಾನು ತುಂಬ ಹೊತ್ತು ತಲೆ ಕೆಡಿಸಿಕೊಂಡೆ. ಅಲ್ಲಿ ಮೂರು ಅಂತಸ್ತು: ಕೆಳಗೆ ಸ್ಟಾಲ್ಸ್, ಮೇಲೆ ರಾಯಲ್ ಸರ್ಕಲ್, ಅದರ ಮೇಲೆ ಗ್ರ್ಯಾಂಡ್ ಸರ್ಕಲ್. ತುದಿಯಲ್ಲಿ ಟಿಕೆಟ್ ಅಗ್ಗ ನಿಜ, ಆದರೆ ಅಷ್ಟು ಎತ್ತರದಿಂದ ಸಣ್ಣ ಮಕ್ಕಳಿಗೆ ಮುಖಗಳು ಕಾಣುವುದಿಲ್ಲ, ಆಮೇಲೆ ಬಗ್ಗಿ ನೋಡುವ ಮಗುವನ್ನು ಹಿಡಿದುಕೊಂಡೇ ಕೂರಬೇಕು. ಸ್ಟಾಲ್ಸ್‌ನ ಕಡೇ ಸಾಲುಗಳಲ್ಲಿ ಮೇಲಿನ ಬಾಲ್ಕನಿ ಅಡ್ಡ ಬರುತ್ತದೆ. ನಾನು ತೆಗೆದದ್ದು ಸ್ಟಾಲ್ಸ್‌ನಲ್ಲಿ, ನಡೆಯುವ ದಾರಿಗೆ ಅಂಟಿಕೊಂಡ ಸೀಟುಗಳು. ಬೆಲೆ ಜಾಸ್ತಿಯೇ. ಆದರೆ ಈ ನಾಟಕಕ್ಕೆ ದಾರಿ ಪಕ್ಕದ ಸೀಟೇ ಸೀಟು, ಯಾಕೆ ಅಂತ ಆಮೇಲೆ ಹೇಳುತ್ತೇನೆ. ಟಿಕೆಟ್ ಮಾರುವ ಬೇರೆ ಒಂದು ಸೈಟಿನಲ್ಲಿ ಅದೇ ಸೀಟಿಗೆ ಫೀಸು ಗೀಸು ಅಂತ ಕೊನೆಗೆ ಬೇರೆಯೇ ಮೊತ್ತ ಬಂತು, ಹಾಗಾಗಿ ಥಿಯೇಟರಿನ ಸ್ವಂತ ಸೈಟಿನಲ್ಲೇ ತೆಗೆದೆ. ಶಾಲೆಗೆ ರಜೆ ಇರುವ ವಾರಗಳಲ್ಲಿ ಬೆಲೆ ಏರುತ್ತದೆ. ಬೇಸಿಗೆ ರಜೆಯಲ್ಲಿ ಕಿಡ್ಸ್ ವೀಕ್ ಅಂತ ಒಂದು ಆಫರ್ ಬರುತ್ತದೆ, ದೊಡ್ಡವರ ಪೂರ್ತಿ ಟಿಕೆಟಿನ ಜೊತೆ ಒಂದು ಮಗುವಿಗೆ ಫ್ರೀ. ಯಾವ ಯಾವ ನಾಟಕ ಅದರಲ್ಲಿ ಇದೆ ಅಂತ ಆ ವರ್ಷ ನೋಡಿಕೊಳ್ಳಬೇಕು.

ಇನ್ನು ತಯಾರಿ. ಎಲ್ಲರೂ ಸಿನಿಮಾ ತೋರಿಸಿ ಕರೆದುಕೊಂಡು ಹೋಗಿ ಅಂತಾರೆ. ನಾನು ತೋರಿಸಲಿಲ್ಲ. ಮಗನಿಗೆ ಅದು ಬಾಯಿಪಾಠ, ಇನ್ನೊಮ್ಮೆ ನೋಡಿದರೆ ನಾಟಕದ ಉದ್ದಕ್ಕೂ 'ಈಗ ಅದು ಬರ್ತದೆ, ಈಗ ಇದು ಬರ್ತದೆ' ಅಂತ ಕಾಮೆಂಟರಿ ಗ್ಯಾರಂಟಿ. ಮಗಳು ನೋಡಿಯೇ ಇರಲಿಲ್ಲ. ಅವಳಿಗೆ ಅಮ್ಮ ರಾತ್ರಿ ಅನ್ನ ತಿನ್ನಿಸುವಾಗ ಕಥೆ ಹೇಳಿದರು. ರಾಜ ಸಿಂಹ ಮುಫಾಸಾ, ಸಿಂಹಾಸನದ ಆಸೆಯ ತಮ್ಮ, ಊರು ಬಿಟ್ಟು ಓಡಿದ ಮಗ ಸಿಂಬಾ. ಅಮ್ಮನಿಗೆ ಇದೆಲ್ಲ ಹೊಸ ಕಥೆಯೇ ಅಲ್ಲ.

'ಅಜ್ಜಿ, ಅಪ್ಪ ಸಿಂಹ ಸಾಯ್ತದಾ?'

'ಸಾಯ್ತದೆ ಮಗಾ. ಆದ್ರೆ ಅದು ವೇಷ ಅಲ್ವಾ. ಆಟ ಮುಗಿದ ಮೇಲೆ ಎದ್ದು ಬಂದು ಕೈ ಮುಗೀತಾರೆ, ನೋಡ್ತಾ ಇರು.'

ಅಷ್ಟೇ. ಸಾವನ್ನು ಮುಚ್ಚಿಡಲಿಲ್ಲ, ದೊಡ್ಡದು ಮಾಡಲೂ ಇಲ್ಲ. ನನಗೆ ಕೇಳಿದರೆ ಇಡೀ ತಯಾರಿಯಲ್ಲಿ ಕೆಲಸಕ್ಕೆ ಬಂದದ್ದು ಈ ಒಂದು ಮಾತು. ಇದರ ಜೊತೆ ನಾನು ಮಾಡಿಸಿದ್ದು ಒಂದೇ ಅಭ್ಯಾಸ, ಪ್ರಶ್ನೆ ಬಂದರೆ ಕಿವಿಯ ಹತ್ತಿರ ಬಂದು ಪಿಸುಗುಟ್ಟುವುದು. ಪ್ರಶ್ನೆ ಕೇಳಲೇಬಾರದು ಅಂದರೆ ಆಗುವ ಮಾತಲ್ಲ.

ಮ್ಯಾಟಿನಿಗೇ, ಅಂದರೆ ಮಧ್ಯಾಹ್ನದ ಶೋಗೇ ಹೋಗಿ. ರಾತ್ರಿ 7.30ರ ಶೋ ಮುಗಿಯುವಾಗ ಹತ್ತು ಗಂಟೆ, ಮಕ್ಕಳ ಕಥೆ ಮುಗಿದಿರುತ್ತದೆ. ನಾವು ಹೌನ್ಸ್ಲೋ ಕಡೆಯವರು, ಟ್ಯೂಬ್ ರೈಲಿನ ಪಿಕಡಿಲಿ ಲೈನಿನಲ್ಲಿ ಕೂತರೆ ಸೀದಾ ಕೋವೆಂಟ್ ಗಾರ್ಡನ್ ಸ್ಟೇಷನ್. 11 ವರ್ಷ ತುಂಬದ ಮಕ್ಕಳಿಗೆ ದೊಡ್ಡವರ ಜೊತೆ ಟ್ಯೂಬ್ ಫ್ರೀ. ಆ ಸ್ಟೇಷನ್ನಿನಲ್ಲಿ ಲಿಫ್ಟಿಗೇ ಕಾಯಿರಿ, 193 ಮೆಟ್ಟಿಲು ಅಂತ ಬೋರ್ಡೇ ಇದೆ, ಅಮ್ಮ ಅದನ್ನು ಓದಿ ನಕ್ಕರು. ಥಿಯೇಟರುಗಳಲ್ಲಿ ಸಾಮಾನ್ಯವಾಗಿ ಹೊರಗಿನ ಊಟ ಒಳಗೆ ತರುವ ಹಾಗಿಲ್ಲ. ಆದ್ದರಿಂದ ಸ್ಟ್ರ್ಯಾಂಡ್ ರಸ್ತೆ ದಾಟಿ ನದಿ ಪಕ್ಕದ ಎಂಬ್ಯಾಂಕ್‌ಮೆಂಟ್ ಗಾರ್ಡನ್ಸ್‌ನ ಬೆಂಚಿನಲ್ಲಿ ಕೂತು ಚಿತ್ರಾನ್ನ, ಮೊಸರನ್ನ ಮುಗಿಸಿದೆವು. ಅಲ್ಲಿಂದ ಥಿಯೇಟರ್ ನಡೆಯುವಷ್ಟೇ ದೂರ. ಹೊಟ್ಟೆ ತುಂಬಿದ ಮಗು ಅರ್ಧ ಗೆದ್ದ ಹಾಗೆ. ಒಳಗೆ ಹೋಗುತ್ತಲೇ ಬಾಗಿಲ ಹತ್ತಿರ ಇರುವವರಲ್ಲಿ ಮಕ್ಕಳನ್ನು ಎತ್ತರಕ್ಕೆ ಕೂರಿಸುವ ಬೂಸ್ಟರ್ ಸೀಟ್ ಕೇಳಿ ಇಸಕೊಂಡೆ. ಇಲ್ಲದಿದ್ದರೆ ಮುಂದಿನವರ ತಲೆ ಬಿಟ್ಟು ಬೇರೇನೂ ಕಾಣುವುದಿಲ್ಲ.

ತಡವಾಗಿ ಮಾತ್ರ ಹೋಗಬೇಡಿ. ಈ ನಾಟಕದ ಶುರುವೇ ಅದರ ಜೀವ. ಮಂಗನ ವೇಷದ ರಫೀಕಿ ಬಂದು ಕೂಗುತ್ತಾಳೆ (ಹೌದು, ಸಿನಿಮಾದಲ್ಲಿ ಗಂಡು, ನಾಟಕದಲ್ಲಿ ರಫೀಕಿ ಹೆಂಗಸು), ಎರಡು ಬದಿಯಿಂದ ಉತ್ತರ ಬರುತ್ತದೆ, ಹಿಂದೆ ರೇಷ್ಮೆ ಪಟ್ಟಿಗಳ ಸೂರ್ಯ ನಿಧಾನ ಏಳುತ್ತಾನೆ, ನಾಲ್ಕು ಮರಗಾಲು ಕಟ್ಟಿಕೊಂಡ ಮನುಷ್ಯ ಜಿರಾಫೆಯಾಗಿ ಒಲೆಯುತ್ತಾ ದಾಟುತ್ತಾನೆ, ಅಷ್ಟರಲ್ಲಿ ಹಿಂದಿನಿಂದ ಏನೋ ಸದ್ದು ಅಂತ ತಿರುಗಿದರೆ ನಮ್ಮ ಸೀಟಿನ ಪಕ್ಕದಲ್ಲೇ ಆನೆ. ಕೈ ಚಾಚಿದರೆ ಸಿಗುವಷ್ಟು ಹತ್ತಿರ. ಕಾಲುಗಳೊಳಗೆ ಒಂದೊಂದು ಮನುಷ್ಯ ನಡೆಯುವುದು ಕಾಣುತ್ತದೆ. ಮಗಳು ನನ್ನ ಕೈ ಗಟ್ಟಿ ಹಿಡಿದಳು, ಆಮೇಲೆ ಕಿವಿಗೆ ಬಂದು, 'ಅಮ್ಮ, ಒಳಗೆ ಮಾಮ ಇದ್ದಾರೆ' ಅಂದಳು. ಅಲ್ಲಿಗೆ ಹೆದರಿಕೆ ಹೋಯಿತು.

ನಿರ್ದೇಶಕಿ ಜೂಲಿ ಟೇಮರ್ ಮಾಡಿದ ಉಪಾಯವೇ ಇದು. ಆಡಿಸುವವರನ್ನು ಬಚ್ಚಿಡಲಿಲ್ಲ. ಮುಫಾಸಾನ ಮುಖವಾಡ ನಟನ ತಲೆಯ ಮೇಲಿದೆ, ಕೆಳಗೆ ಮನುಷ್ಯನ ಮುಖವೂ ಕಾಣುತ್ತದೆ. ಆಕೆ ಇಪ್ಪತ್ತರ ಹರೆಯದಲ್ಲಿ ಇಂಡೋನೇಷ್ಯಾದಲ್ಲಿ ಕೆಲವು ವರ್ಷ ಇದ್ದು ಅಲ್ಲಿನ ಮುಖವಾಡ, ಗೊಂಬೆಯಾಟ ನೋಡಿದವರು. ನನ್ನ ಅಮ್ಮನಿಗೆ ಆನೆ ಬಂದದ್ದು ನೋಡಿ ನೆನಪಾದದ್ದು ಮಾತ್ರ ಯಕ್ಷಗಾನದ ಬಣ್ಣದ ವೇಷ. ಊರಲ್ಲಿ ರಾಕ್ಷಸ ವೇಷ ದೊಂದಿ ಹಿಡಿದು ಜನರ ಹಿಂದಿನಿಂದ ಆರ್ಭಟ ಮಾಡಿಕೊಂಡು ಬರುತ್ತದಲ್ಲ, ಹಾಗೆ. 'ಇದು ನಮ್ಮ ಆಟದ ಹಾಗೇ ಉಂಟಲ್ಲ!' ಅಂತ ಸ್ವಲ್ಪ ಜೋರಾಗಿಯೇ ಹೇಳಿದರು. ಪಿಸುಗುಟ್ಟುವ ಅಭ್ಯಾಸವನ್ನು ನಾನು ಅವರಿಗೆ ಮಾಡಿಸಿರಲಿಲ್ಲ.

ಹೆದರುವ ಜಾಗ ಎರಡು. ಕತ್ತೆಕಿರುಬಗಳು ಬರುವ ಆನೆಗಳ ಸ್ಮಶಾನದಲ್ಲಿ ಹೊಗೆ ಬುಸ್ ಅಂತ ಏಳುತ್ತದೆ, ಮಗಳಿಗೆ ಕಿವಿ ಮುಚ್ಚುವ ಹೆಡ್‌ಫೋನ್ ತಂದಿದ್ದೆ, ಅದು ಇಲ್ಲಿ ಬೇಕಾಯಿತು. ಎರಡನೆಯದು ಕಾಡುಕೋಣಗಳಂಥ ವಿಲ್ಡಬೀಸ್ಟ್ ಹಿಂಡು ನುಗ್ಗುವುದು. ದೂರದಲ್ಲಿ ಉರುಳೆಗಳ ಮೇಲೆ ಚಿಕ್ಕ ಚಿಕ್ಕ ಪ್ರಾಣಿಗಳು, ಮುಂದೆ ಬಂದ ಹಾಗೆ ದೊಡ್ಡವು, ಕೊನೆಗೆ ಮುಖವಾಡ ಹಿಡಿದ ಕುಣಿಯುವವರೇ ಎದುರಿಗೆ. ಆಮೇಲೆ ಮುಫಾಸಾ ಬೀಳುತ್ತಾನೆ. ಸಿಂಹಿಣಿಯರು ಬಂದು ಕಣ್ಣಿನಿಂದ ಬಿಳಿ ಪಟ್ಟಿಗಳನ್ನು ಎಳೆಯುತ್ತಾರೆ, ಅದೇ ಕಣ್ಣೀರು. ನನ್ನ ಗಂಟಲು ಕಟ್ಟಿತು. ಮಗಳು, 'ರಿಬ್ಬನ್ ಎಲ್ಲಿಟ್ಟುಕೊಂಡಿದ್ರು?' ಅಂತ ಕೇಳಿದಳು. ಕಥೆ ಗೊತ್ತಿದ್ದ ಮಗನೇ ಸ್ವಲ್ಪ ಹೊತ್ತು ಮಾತಿಲ್ಲದೆ ಕೂತಿದ್ದ. ಒಂದು ಸಮಾಧಾನ, ಇದೆಲ್ಲ ಮೊದಲ ಅರ್ಧದಲ್ಲೇ ಆಗಿ, ಸಿಂಬಾನ ತಮಾಷೆಯ ಗೆಳೆಯರಾದ ಟಿಮೋನ್ ಪುಂಬಾ ಬಂದು ನಗಿಸಿದ ಮೇಲೆಯೇ ಇಂಟರ್ವಲ್. ಅಷ್ಟು ಹೊತ್ತು ತಡೆದುಕೊಂಡರೆ ಸಾಕು, ಅಳುತ್ತಿದೆ ಅಂತ ಎತ್ತಿಕೊಂಡು ಹೊರಗೆ ಓಡಬೇಡಿ.

ಇಂಟರ್ವಲ್‌ನಲ್ಲಿ ಹೆಂಗಸರ ಟಾಯ್ಲೆಟ್ ಕ್ಯೂ ಬಾಗಿಲಾಚೆ ತನಕ. ಮಕ್ಕಳಿಬ್ಬರನ್ನೂ ಗಂಡನ ಜೊತೆ ಕಳಿಸಿದೆ, ಅಲ್ಲಿ ಕ್ಯೂ ಚಿಕ್ಕದು.

ಎರಡನೇ ಅರ್ಧದ ನಡುವೆ ಸ್ವಲ್ಪ ಎಳೆಯುತ್ತದೆ, ದೊಡ್ಡವನಾದ ಸಿಂಬಾ ತನ್ನ ದುಃಖ ಹಾಡುವಾಗ ಮಕ್ಕಳು ಕಾಲು ಆಡಿಸುತ್ತಾರೆ. ಮಗಳು ಅಜ್ಜಿಯ ತೊಡೆ ಸೇರಿದಳು. ಆದರೆ ಕೊನೆಗೆ ಎಲ್ಲರೂ ಬಂದು ಬಾಗುವಾಗ ಎದ್ದು ನಿಂತು ಒಬ್ಬೊಬ್ಬರನ್ನೇ ನೋಡುತ್ತಿದ್ದಳು. ಮುಫಾಸಾ ಬಂದ. 'ಅಜ್ಜಿ, ಬಂದ್ರು!' ಪಿಸುಮಾತೆಲ್ಲ ಮರೆತುಹೋಗಿತ್ತು, ಚಪ್ಪಾಳೆಯಲ್ಲಿ ಯಾರಿಗೂ ಕೇಳಿಸಲಿಲ್ಲ ಬಿಡಿ.

ಹೊರಡುವಾಗ ಗೊಂಬೆ, ಟೀ ಶರ್ಟ್ ಮಾರುವ ಕೌಂಟರ್ ದಾಟಿಯೇ ಬರಬೇಕು. ಅದಕ್ಕೆ ಮನೆಯಲ್ಲೇ ಒಪ್ಪಂದ ಆಗಿತ್ತು: ಇಂಟರ್ವಲ್‌ನ ಐಸ್‌ಕ್ರೀಮ್ ಅಥವಾ ಕೊನೆಗೆ ಗೊಂಬೆ, ಎರಡರಲ್ಲಿ ಒಂದು. ಐಸ್‌ಕ್ರೀಮ್ ಮೊದಲು ಬರುತ್ತದೆ ಅನ್ನುವುದು ನನಗೆ ಗೊತ್ತಿತ್ತು, ಅವರಿಗೆ ಗೊತ್ತಿರಲಿಲ್ಲ.